ನೆಲ ಡೊಂಕು

ಮೂರಡಿ. ಅಷ್ಟೇ.
ಎರಡು ಹ್ಯಾಡಕ್ ಮೀನನ್ನು ತಲೆಗೆ ಬಾಲ ಕೊಟ್ಟು
ಮಲಗಿಸಿದರೆ ಆಗುವ ದೂರ.
ಗುರುವಾರದ ಸಂಜೆ, ಒಂಬತ್ತನೆಯ ಗ್ರೀನು,
ನಾಲ್ವರ ಪಂದ್ಯ, ತಲೆಗೆರಡು ಪೌಂಡು ಬಾಜಿ,
ಕೈಗೆ ಬಂದ ತುತ್ತು.
ಕೊನೆಯ ಗಳಿಗೆಗೆ ಮಣಿಕಟ್ಟು ತಾನೇ ಮಿಡುಕಿತು.
ಚೆಂಡು ಕುಳಿಯ ತುಟಿ ಸವರಿ ಹೊರಟುಹೋಯಿತು.
ರೋನಾ ಲೆಗ್, "ಇರಲಿ ಬಿಡು ಮೋರ್ವೆನ್" ಅಂದಳು,
ಅನ್ನುತ್ತಲೇ ದುಡ್ಡು ಎಣಿಸಿಕೊಂಡಳು.

ಇಪ್ಪತ್ತಾರು ವರ್ಷ ಬಕಿ ಬಂದರಿನ ಶೆಡ್ಡಿನಲ್ಲಿ
ಮೀನು ಸೀಳಿದ ಕೈ ಇದು.
ಐಸಿನ ತೊಟ್ಟಿಯಿಂದ ಎತ್ತಿ
ಕಿವಿರಿನ ಹಿಂದೆ ಚೂರಿ ಇಟ್ಟರೆ
ಮುಳ್ಳಿನ ಗುಂಟ ಬಾಲದವರೆಗೆ ಒಂದೇ ಎಳೆತ.
ಚೂರಿ ಹಿಡಿದು ನಡುಗದ ಕೈ
ಕೋಳಿಮೊಟ್ಟೆಗಿಂತ ಹಗುರ ಚೆಂಡಿಗೆ ನಡುಗುವುದೆಂದರೆ!

ಆಮೇಲೆ ಪೆಟ್ಟಿಗೆಗಳು ಬರತೊಡಗಿದವು.
ಹಸಿರು ಮ್ಯಾಟು, ತುದಿಯಲ್ಲೊಂದು ದಿಬ್ಬ,
ತಪ್ಪಿದ ಚೆಂಡನ್ನೂ ಬಿದ್ದ ಚೆಂಡನ್ನೂ
ಒಂದೇ ಮುಖ ಮಾಡಿ ವಾಪಸು ಕಳಿಸುವ ದಿಬ್ಬ.
ನೆಲಕ್ಕಿಡುವ ಕನ್ನಡಿ: ಕೆಂಪು ಗೆರೆಯ ಮೇಲೆ ಕಣ್ಣು ಕೂರಬೇಕು.
ಕೂತಿತು. ಜೊತೆಗೆ
ಕೆಳಗಿನಿಂದ ನಾನೆಂದೂ ನೋಡಿರದ ನನ್ನ ಗದ್ದ,
ಅದರ ಹಿಂದೆ ಚಾವಣಿಯಲ್ಲಿ
ಮೇಲ್ಮನೆ ಸ್ಲೇಟರನ ಬಚ್ಚಲು ಸೋರಿದ ಕಲೆ.
ಆಮೇಲೆ ಲಯ ಕಲಿಸುವ ಯಂತ್ರ:
ಹಿಂದಕ್ಕೆ ಟಿಕ್, ಮುಂದಕ್ಕೆ ಟಿಕ್.
ಮೂರನೆಯ ರಾತ್ರಿ ಸ್ಲೇಟರ್ ಮುದುಕ ನೆಲ ಗುದ್ದಿದ.
ಅವನ ತಾಳವೇ ವಾಸಿ ಇತ್ತು.

ಕೆಲವಕ್ಕೆ ದುಡ್ಡು ಬೇಕಿರಲಿಲ್ಲ.
ಅಮ್ಮನ ಹೆಣಿಗೆ ಕಡ್ಡಿ ಎರಡು, ನಡುವೆ ಬಿಗಿದ ನೂಲು,
ನೂಲು ಹಿಡಿದ ಹಾಗೆ ಹೋಗು ಅನ್ನುವುದು ಇದಕ್ಕೇ.
ಉಪ್ಪಿನ ಕುಡಿಕೆ, ಮೆಣಸಿನ ಕುಡಿಕೆ,
ಎರಡರ ನಡುವೆ ಚೆಂಡು ನುಸುಳುವಷ್ಟೇ ಬಾಗಿಲು.
ಪಟ್ಟರಿನ ಬೆನ್ನ ಮೇಲೆ ಒಂದು ಪೆನ್ನಿ,
ಬಿದ್ದರೆ ಅವಸರ ಮಾಡಿದೆ ಎಂದರ್ಥ.
ಮೊದಲ ವಾರ ಹೆಕ್ಕಿ ಹೆಕ್ಕಿ ಸೊಂಟ ಹಿಡಿಯಿತು.
ನವೆಂಬರ್ ಮುಗಿಯುವುದರೊಳಗೆ
ಪೆನ್ನಿ ಅಲ್ಲೇ ನಿದ್ದೆ ಹೋಗುತ್ತಿತ್ತು.
ನೂರಕ್ಕೆ ತೊಂಬತ್ತು. ಒಂದು ರಾತ್ರಿ ತೊಂಬತ್ತೇಳು.

ಮಾರ್ಚಿನಲ್ಲಿ ಗ್ರೀನು ಒಣಗಿತು. ಹೋದೆ.
ಕೈ ನಡುಗಲಿಲ್ಲ.
ಚೆಂಡು ಎಡಕ್ಕೆ ಹೋಯಿತು.
ಮತ್ತೆ ಎಡಕ್ಕೆ.
ನಡುಗದೆ, ಅಳುಕದೆ, ಎಡಕ್ಕೆ.
ರೋನಾ ದುಡ್ಡು ಎಣಿಸಿಕೊಂಡಳು.
"ನಮ್ಮನೆ ಹಜಾರದಲ್ಲಿ ಬೀಳ್ತಿತ್ತು" ಅಂದೆ.
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ:
ಯಾರೂ ಬಾಯಿ ಬಿಡಲಿಲ್ಲ, ಮುಖದಲ್ಲಿ ಓದಿಕೊಂಡೆ.

ಮರುದಿನ ತಂಗಿಯ ಮಗ ರೂರಿ, ಆರು ವರ್ಷದವನು,
ಹಜಾರದ ನಡುವೆ ಕೂತು ಗೋಲಿ ಬಿಟ್ಟ.
ಯಾರೂ ತಳ್ಳದೆ ಉರುಳಿತು,
ಬಲಕ್ಕೆ, ಸಮುದ್ರದ ಕಡೆಯ ಗೋಡೆಗೆ.
ಇನ್ನೊಂದು ಬಿಟ್ಟ. ಅದೂ.
"ಆಂಟಿ, ಇವಕ್ಕೆಲ್ಲ ಮೀನು ಹಿಡಿಯೋಕೆ ಹೋಗ್ಬೇಕಂತೆ."

ನೂರೈವತ್ತು ವರ್ಷದ ಮನೆ. ನೀರಿನ ಕಡೆಗೆ
ಕೂದಲೆಳೆ ಕೂದಲೆಳೆಯಾಗಿ ಕುಸಿದಿದೆ.
ನಕ್ಕೆ. ನೆಲ ನಿಜಕ್ಕೂ ಡೊಂಕು!
ಕಿಟಕಿ ತೆರೆದು ರೋನಾಳನ್ನು ಕೂಗಿ ಕರೆಯೋಣ ಅನ್ನಿಸಿತು.
ಆಮೇಲೆ ನಗು ನಿಂತಿತು.
ಕನ್ನಡಿ ಸುಳ್ಳು ಹೇಳಿರಲಿಲ್ಲ, ನೂಲೂ ಹೇಳಿರಲಿಲ್ಲ.
ನಾನೇ, ಯಾವುದೋ ಒಂದು ರಾತ್ರಿ,
ನೂಲು ಬಿಚ್ಚಿಟ್ಟು, ಕುಡಿಕೆಗಳೆರಡನ್ನೂ
ಬೆರಳಿನಷ್ಟು ಎಡಕ್ಕೆ ಸರಿಸಿದ್ದೆ,
ಚೆಂಡು ಬೀಳಲೆಂದು.
ಬಿತ್ತು. ಬೀಳುತ್ತಲೇ ಇತ್ತು.
ಯಾಕೆ ಅಂತ ಕೇಳಿಕೊಳ್ಳಲಿಲ್ಲ.

ಈಗ ಮೇ. ಪಾಳಿಗೆ ಮುಂಚೆ, ಐದೂವರೆಗೆ,
ಹುಲ್ಲು ಕೊಯ್ಯುವವನು ಬರುವ ಮೊದಲು ಹೋಗುತ್ತೇನೆ.
ಇಬ್ಬನಿಯಲ್ಲಿ ಚೆಂಡು ಹೋದ ದಾರಿ
ಕಪ್ಪು ಗೆರೆಯಾಗಿ ಉಳಿಯುತ್ತದೆ.
ಎಲ್ಲಿ ಬಾಗಿತು, ಎಲ್ಲಿ ಸೋತಿತು, ಎಲ್ಲ ಅಲ್ಲೇ ಇದೆ,
ಪೆಟ್ಟಿಗೆಯಲ್ಲಿ ಬಾರದ್ದು, ಯಾರೂ ಮಾರದ್ದು.
ನಿನ್ನೆ ಹನ್ನೊಂದು ಗೆರೆ. ನಾಲ್ಕು ಕುಳಿ ಸೇರಿದವು.
ಏಳು ಎಡಕ್ಕೆ,
ಆದರೆ ಮೊದಲಿನಷ್ಟು ಎಡಕ್ಕಲ್ಲ.
ಬಿಸಿಲು ಏರಿತು, ಗೆರೆಗಳು ಹೋದವು,
ಶೆಡ್ಡಿನ ಸೈರನ್ನು ಕೂಗಿತು.

ಪೆನ್ನಿ ಈಗಲೂ ಜೇಬಿನಲ್ಲಿದೆ.
ಗೋಲಿಯೂ ಒಂದು.
ರೂರಿ ಕೇಳಿದರೆ ಕೊಡಬೇಕು.